ಒಂದೇ ಥ್ರೆಡ್ಡಿನ ಕೈಯಲ್ಲಿ ಪರದೆ

ಗಣಕಯಂತ್ರದ ಪರದೆಯ ಮೇಲೆ ಕಿಟಕಿ, ಗುಂಡಿ, ಪಟ್ಟಿ, ಚಿತ್ರಗಳನ್ನು ತೋರಿಸಿ ಬಳಸುವವರೊಡನೆ ವ್ಯವಹರಿಸುವ ಪ್ರೋಗ್ರಾಮುಗಳು ಇಂದು ಮುಧೋಳ ತಾಲೂಕಿನ ಸಕ್ಕರೆ ಕಾರ್ಖಾನೆಗಳ ತೂಕದ ಕಾಟಾದಿಂದ ರಬಕವಿ-ಬನಹಟ್ಟಿಯಲ್ಲಿ ಸೀರೆಯ ಅಂಚಿನ ನಕ್ಷೆ ಬಿಡಿಸುವ ಕೋಣೆಯವರೆಗೆ, ಜಮಖಂಡಿಯ ಬ್ಯಾಂಕುಗಳ ಕೌಂಟರಿನಿಂದ ಬೀಳಗಿಯ ರೈತರ ಮೊಬೈಲಿನವರೆಗೆ ಎಲ್ಲೆಡೆ ಹರಡಿಕೊಂಡಿವೆ. ಇಂಥ ಪ್ರತಿಯೊಂದು ಪ್ರೋಗ್ರಾಮಿನ ಮೇಲೂ ಎರಡು ಹೊಣೆಗಳಿರುತ್ತವೆ. ಒತ್ತಿದ ಗುಂಡಿಗೆ, ಬೆರಳಚ್ಚು ಮಾಡಿದ ಅಕ್ಷರಕ್ಕೆ ತಕ್ಷಣ ಓಗೊಡುವುದು ಒಂದು. ದೊಡ್ಡ ಲೆಕ್ಕ, ಕಡತದ ಓದು, ಯಂತ್ರದ ಅಳತೆ, ಜಾಲದ ಮೂಲಕ ಬರಬೇಕಾದ ಮಾಹಿತಿಗಾಗಿ ಕಾಯುವಿಕೆ ಮುಂತಾದ ಹೊತ್ತು ಹಿಡಿಯುವ ಕೆಲಸಗಳನ್ನು ನಡೆಸುವುದು ಇನ್ನೊಂದು. ಈ ಎರಡನ್ನೂ ಒಟ್ಟೊಟ್ಟಿಗೆ ಸಾಗಿಸಲು ಬಳಕೆಯಾಗುವ ಉಪಾಯವೇ ಥ್ರೆಡ್. ಒಂದು ಪ್ರೋಗ್ರಾಮಿನೊಳಗೆ ಆದೇಶಗಳನ್ನು ಒಂದಾದ ಮೇಲೊಂದರಂತೆ ನಡೆಸಿಕೊಂಡು ಹೋಗುವ ಒಂದು ಸಾಲಿಗೆ ಥ್ರೆಡ್ ಎನ್ನುತ್ತಾರೆ. ಒಂದೇ ಪ್ರೋಗ್ರಾಮಿನಲ್ಲಿ ಇಂಥ ಹಲವು ಸಾಲುಗಳು ಏಕಕಾಲಕ್ಕೆ ಸಾಗಬಲ್ಲವು, ಮತ್ತು ಅವೆಲ್ಲವೂ ಅದೇ ಸ್ಮೃತಿಯನ್ನು, ಅಂದರೆ ಅದೇ ಮೆಮೊರಿಯನ್ನು, ಹಂಚಿಕೊಂಡಿರುತ್ತವೆ. ಥ್ರೆಡ್ಡಿನ ಅನುಕೂಲವೂ ಅಪಾಯವೂ ಹುಟ್ಟುವುದು ಈ ಹಂಚಿಕೆಯಿಂದಲೇ.

ಪರದೆಯ ಕೆಲಸವನ್ನು ಪ್ರೋಗ್ರಾಂ ಬರೆಯುವವರು ಪೂರ್ತಿ ತಾವೇ ಮಾಡುವುದಿಲ್ಲ. ಗುಂಡಿ, ಕಿಟಕಿಗಳನ್ನು ಬಿಡಿಸಿ ಕೊಡುವ ಸಿದ್ಧ ಲೈಬ್ರರಿಗಳನ್ನು ಅವಲಂಬಿಸುತ್ತಾರೆ. 1990ರ ದಶಕದಲ್ಲಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ ಹುಟ್ಟಿಕೊಂಡ ಜಿಟಿಕೆ, ಜಾವಾ ಭಾಷೆಯ ಸ್ವಿಂಗ್, ಆಪಲ್ ಕಂಪನಿಯ ಕೊಕೊ ಇವು ಅಂಥ ಲೈಬ್ರರಿಗಳು. ಇವುಗಳ ಒಳಗೆ ಈವೆಂಟ್ ಲೂಪ್ ಎಂಬ ನಿರಂತರ ಆವರ್ತನವಿರುತ್ತದೆ: ಮೌಸ್, ಕೀಲಿಮಣೆ, ಗಡಿಯಾರ ಮುಂತಾದವುಗಳಿಂದ ಬಂದ ಸುದ್ದಿಯನ್ನು ಅದು ಒಂದೊಂದಾಗಿ ಎತ್ತಿಕೊಂಡು, ಆಯಾ ಸುದ್ದಿಗೆ ಗೊತ್ತುಪಡಿಸಿದ ಕೆಲಸವನ್ನು ಮಾಡಿಸಿ, ಪರದೆಯನ್ನು ಹೊಸದಾಗಿ ಬಿಡಿಸಿ, ಮತ್ತೆ ಮುಂದಿನ ಸುದ್ದಿಗಾಗಿ ಕಾಯುತ್ತದೆ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಒಂದು ಸುತ್ತಿಗೆ ಸಿಗುವ ಕಾಲ ಸುಮಾರು 16 ಮಿಲಿಸೆಕೆಂಡು. ಆ ಸುತ್ತಿನ ನಡುವೆ ಯಾರಾದರೂ ಮೂರು ಸೆಕೆಂಡಿನ ಲೆಕ್ಕವನ್ನು ಹೊಗಿಸಿದರೆ ಅಷ್ಟು ಹೊತ್ತೂ ಪರದೆ ಮರಗಟ್ಟಿದಂತೆ ನಿಲ್ಲುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಬೆರಳಿನ ಒತ್ತಿಗೆ ಐದು ಸೆಕೆಂಡಿನವರೆಗೂ ಉತ್ತರ ಬಾರದಿದ್ದರೆ ಆ ಆ್ಯಪ್ ಓಗೊಡುತ್ತಿಲ್ಲವೆಂಬ ಸೂಚನೆಯನ್ನು ಫೋನೇ ತೋರಿಸಿ, ಅದನ್ನು ಮುಚ್ಚಬೇಕೇ ಎಂದು ಕೇಳುತ್ತದೆ.

ಕಬ್ಬಿನ ಹಂಗಾಮಿನ ತೂಕದ ಕಾಟಾವನ್ನು ಹತ್ತಿರದಿಂದ ನೋಡಿದರೆ ಸಮಸ್ಯೆಯ ಪೂರ್ಣ ರೂಪ ಕಾಣುತ್ತದೆ. ಟ್ರ್ಯಾಕ್ಟರು ಕಾಟಾದ ಮೇಲೆ ನಿಂತಾಗ ಕೆಳಗಿನ ಲೋಡ್ ಸೆಲ್ಲುಗಳು ಭಾರವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ; ತೂಕ ತೋರಿಸುವ ಪೆಟ್ಟಿಗೆಯು ಆ ಸಂಕೇತವನ್ನು ಅಂಕಿಯಾಗಿಸಿ ಒಂದು ಕೇಬಲ್ಲಿನ ಮೂಲಕ ಗಣಕಯಂತ್ರಕ್ಕೆ ಸೆಕೆಂಡಿಗೆ ಹಲವು ಬಾರಿ ಕಳಿಸುತ್ತದೆ. ಕೇಬಲ್ಲಿನಿಂದ ಬರುವ ಅಂಕಿಗಾಗಿ ಕಾಯುವುದು ಒಂದು ಥ್ರೆಡ್ಡಿನ ಕೆಲಸ. ಗುಮಾಸ್ತರು ಟೈಪು ಮಾಡುವ ಗಾಡಿಯ ನಂಬರು, ರೈತರ ಹೆಸರು, ಊರು ಇವನ್ನು ಪರದೆಯಲ್ಲಿ ತೋರಿಸಿ ಚೀಟಿ ಮುದ್ರಿಸುವುದು ಇನ್ನೊಂದರ ಕೆಲಸ. ಮೊದಲ ಥ್ರೆಡ್ ತೂಕದ ಅಂಕಿಯನ್ನು ನೇರವಾಗಿ ಪರದೆಯ ಪೆಟ್ಟಿಗೆಯೊಳಗೆ ಬರೆಯಲು ಹೊರಟಾಗಲೇ ಎರಡನೆಯದು ಅದೇ ಪೆಟ್ಟಿಗೆಯನ್ನು ಬಿಡಿಸುತ್ತಿದ್ದರೆ, ಅರ್ಧ ಹಳೆಯ ಅರ್ಧ ಹೊಸ ಅಂಕಿ ಮೂಡಬಹುದು, ಲೈಬ್ರರಿಯ ಒಳಗಿನ ಲೆಕ್ಕ ಕೆಟ್ಟು ಪ್ರೋಗ್ರಾಂ ಏಕಾಏಕಿ ಮುಚ್ಚಿಹೋಗಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಾಡಿಯ ನಂಬರು ಒಂದು ಜಾಗದಲ್ಲಿ, ತೂಕ ಇನ್ನೊಂದು ಜಾಗದಲ್ಲಿ ಇದ್ದು, ಎರಡೂ ಬೇರೆ ಬೇರೆ ಕ್ಷಣಗಳಲ್ಲಿ ಬದಲಾಗುತ್ತಿದ್ದರೆ, ಮುಂದೆ ಹೋದ ಟ್ರ್ಯಾಕ್ಟರಿನ ನಂಬರಿಗೆ ಹಿಂದೆ ಬಂದದ್ದರ ತೂಕ ಅಂಟಿಕೊಂಡು ಚೀಟಿ ಹೊರಬೀಳುತ್ತದೆ. ಕಾಲದ ಇಂಥ ಮೇಲಾಟದಿಂದ ಹುಟ್ಟುವ ದೋಷಕ್ಕೆ ರೇಸ್ ಕಂಡೀಷನ್ ಎಂಬ ಹೆಸರಿದೆ. ಅದು ನೂರು ಸಲ ಪರೀಕ್ಷಿಸಿದರೂ ಕಾಣದೆ, ಹಂಗಾಮಿನ ನಟ್ಟನಡುವೆ ಒಂದು ರಾತ್ರಿ ಕಾಣಿಸಿಕೊಂಡು, ಹುಡುಕಲು ಹೊರಟಾಗ ಮತ್ತೆ ಮಾಯವಾಗುತ್ತದೆ. ವರ್ಷದ ದುಡಿಮೆಯನ್ನು ಒಂದು ಚೀಟಿಯ ಮೇಲೆ ನಂಬಿ ನಿಂತ ರೈತನಿಗೆ ಇದು ಸಣ್ಣ ಮಾತಲ್ಲ.

ಹಂಚಿಕೊಂಡ ಸ್ಮೃತಿಗೆ ಬೀಗ ಹಾಕಿದರೆ ಸಾಕಲ್ಲವೇ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಬೀಗ ಎಂದರೆ ಇಲ್ಲಿ, ಒಂದು ವಸ್ತುವನ್ನು ಒಮ್ಮೆಗೆ ಒಂದೇ ಥ್ರೆಡ್ ಮುಟ್ಟುವಂತೆ ಮಾಡುವ ಗುರುತು. ಅದನ್ನು ಹಿಡಿದವರು ಬಿಡುವವರೆಗೆ ಉಳಿದವರು ಕಾಯಬೇಕು. 1995ರಲ್ಲಿ ಜಾವಾ ಬಂದಾಗ ಅದರ ಮೊದಲ ಪರದೆ ಲೈಬ್ರರಿಯಾದ ಎಡಬ್ಲ್ಯುಟಿಯನ್ನು ಎಲ್ಲ ಥ್ರೆಡ್ಡುಗಳೂ ಮುಟ್ಟಬಹುದಾದಂತೆ ಕಟ್ಟುವ ಉದ್ದೇಶವೇ ಇತ್ತು, ಅದು ಕೈಗೂಡಲಿಲ್ಲ. ಆ ಸೋಲಿನ ಕಾರಣವನ್ನು ಜಾವಾ ತಂಡದ ಗ್ರಹಾಂ ಹ್ಯಾಮಿಲ್ಟನ್ 2004ರಲ್ಲಿ ಬಿಡಿಸಿ ಹೇಳಿದರು. ಬಳಸುವವರ ಒತ್ತು ಯಂತ್ರದ ತಳದಿಂದ ಹೊರಟು ಕಾರ್ಯನಿರ್ವಹಣಾ ವ್ಯವಸ್ಥೆ, ಲೈಬ್ರರಿ, ಕೊನೆಗೆ ಪ್ರೋಗ್ರಾಂ ಹೀಗೆ ಮೇಲೇರುತ್ತದೆ, ದಾರಿಯ ಪ್ರತಿ ಹಂತದಲ್ಲೂ ಬೀಗ ಹಿಡಿಯುತ್ತ ಬರುತ್ತದೆ. ಪ್ರೋಗ್ರಾಮಿನ ಆದೇಶವಾದರೋ ಮೇಲಿನಿಂದ ಹೊರಟು ಅದೇ ಬೀಗಗಳನ್ನು ತಿರುವುಮುರುವಾದ ಕ್ರಮದಲ್ಲಿ ಹಿಡಿಯುತ್ತ ಕೆಳಗಿಳಿಯುತ್ತದೆ. ಒಂದೇ ಗಾಡಿ ಹಿಡಿಸುವ ಹೊಲದ ದಾರಿಯಲ್ಲಿ ಕಬ್ಬು ಹೇರಿದ ಎರಡು ಟ್ರ್ಯಾಕ್ಟರುಗಳು ಎದುರುಬದುರಾಗಿ, ಹಿಂದೆ ಸರಿಯಲು ಎರಡಕ್ಕೂ ಆಗದೆ ನಿಂತುಬಿಡುವ ಹಾಗೆ, ಈ ಎರಡು ಥ್ರೆಡ್ಡುಗಳು ಒಂದರ ಕೈಯಲ್ಲಿರುವ ಬೀಗಕ್ಕಾಗಿ ಇನ್ನೊಂದು ಕಾಯುತ್ತ ಶಾಶ್ವತವಾಗಿ ನಿಂತುಬಿಡುತ್ತವೆ. ಇದನ್ನು ಡೆಡ್‌ಲಾಕ್ ಎನ್ನುತ್ತಾರೆ. ಬೀಗಗಳನ್ನು ಹೆಚ್ಚಿಸಿದರೆ ಡೆಡ್‌ಲಾಕ್, ತಗ್ಗಿಸಿದರೆ ರೇಸ್. ಎರಡರ ನಡುವೆ ಭದ್ರವಾದ ನೆಲ ಬಹಳ ಕಿರಿದು.

ಆದ್ದರಿಂದಲೇ ಸ್ವಿಂಗ್, ಕೊಕೊ, ಆಂಡ್ರಾಯ್ಡ್ ಮೂರೂ ಒಂದೇ ನಿಯಮಕ್ಕೆ ಬಂದು ನಿಂತವು: ಪರದೆಯನ್ನು ಮುಟ್ಟುವ ಅಧಿಕಾರ ಒಂದೇ ಥ್ರೆಡ್ಡಿಗೆ, ಉಳಿದವು ತಮಗೇನಾದರೂ ಬೇಕಿದ್ದರೆ ಆ ಥ್ರೆಡ್ಡಿನ ಸರದಿಯಲ್ಲಿ ಮನವಿ ಇಡಬೇಕು. ಜಿಟಿಕೆಯಲ್ಲಿ ಇಡೀ ಲೈಬ್ರರಿಗೆ ಒಂದು ದೊಡ್ಡ ಬೀಗವನ್ನಿಟ್ಟು ಬಹುಕಾಲ ನಡೆಸಿದರಾದರೂ, 2012ರ 3.6ನೇ ಆವೃತ್ತಿಯಿಂದ ಆ ಪದ್ಧತಿಯನ್ನು ಕೈಬಿಡಬೇಕೆಂದು ಅದರ ಕರ್ತೃಗಳೇ ಸೂಚಿಸಿದರು.

ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಬರವಣಿಗೆಯ ಕ್ರಮ ಈ ಚಿತ್ರದೊಳಗೆ ಬರುವುದು ಇಲ್ಲಿ. ಆ ಕ್ರಮದಲ್ಲಿ ಪ್ರೋಗ್ರಾಂ ಎಂದರೆ ಫಂಕ್ಷನ್ನುಗಳ ಜೋಡಣೆ. ಫಂಕ್ಷನ್ ಒಂದು ಮೌಲ್ಯವನ್ನು ಪಡೆದು ಇನ್ನೊಂದು ಮೌಲ್ಯವನ್ನು ಕೊಡುತ್ತದೆಯೇ ಹೊರತು ಪಡೆದದ್ದನ್ನು ತಿದ್ದುವುದಿಲ್ಲ. ಒಮ್ಮೆ ಸಿದ್ಧವಾದ ಮೌಲ್ಯ ಬದಲಾಗುವುದೇ ಇಲ್ಲವಾದ್ದರಿಂದ ಹತ್ತು ಥ್ರೆಡ್ಡುಗಳು ಅದನ್ನು ಒಟ್ಟಿಗೆ ಓದಿದರೂ ಬೀಗ ಬೇಕಾಗುವುದಿಲ್ಲ. ಕಾಟಾದ ಪ್ರೋಗ್ರಾಮಿನಲ್ಲಿ ಗಾಡಿಯ ನಂಬರು, ತೂಕ, ಸಮಯ ಮೂರನ್ನೂ ಸೇರಿಸಿ ಒಂದೇ ದಾಖಲೆ ಮೌಲ್ಯವನ್ನಾಗಿ ಕಟ್ಟಿ ಕಳಿಸಿದರೆ ಅದು ಇಡಿಯಾಗಿ ತಲುಪುತ್ತದೆ, ಇಲ್ಲವೇ ತಲುಪುವುದೇ ಇಲ್ಲ. ಒಬ್ಬರ ತೂಕ ಇನ್ನೊಬ್ಬರ ನಂಬರಿಗೆ ಅಂಟುವ ದಾರಿ ಅಲ್ಲಿಗೆ ಮುಚ್ಚಿತು. ಈ ಕ್ರಮದ ಭಾಷೆಗಳಲ್ಲಿ ಹ್ಯಾಸ್ಕೆಲ್ ಮುಖ್ಯವಾದದ್ದು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರು ಹೊತ್ತ ಆ ಭಾಷೆಯ ಮೊದಲ ವಿವರಣೆ ಹೊರಬಂದದ್ದು 1990ರಲ್ಲಿ. ಸೈಮನ್ ಪೇಟನ್ ಜೋನ್ಸ್, ಆಂಡ್ರ್ಯೂ ಗಾರ್ಡನ್ ಮತ್ತು ಸಿಗ್‌ಬ್ಯೋರ್ನ್ ಫಿನ್ನೆ 1996ರಲ್ಲಿ ಅದಕ್ಕೆ ಥ್ರೆಡ್ಡುಗಳನ್ನೂ, ಎಂವಾರ್ ಎಂಬ ಒಂದು ಸಾಧನವನ್ನೂ ಸೇರಿಸಿದರು. ಎಂವಾರ್ ಒಂದೇ ಮೌಲ್ಯ ಹಿಡಿಸುವ ಡಬ್ಬಿ: ಖಾಲಿಯಿದ್ದಾಗ ತೆಗೆಯಲು ಬಂದ ಥ್ರೆಡ್ ಕಾಯುತ್ತದೆ, ತುಂಬಿದ್ದಾಗ ಹಾಕಲು ಬಂದದ್ದು ಕಾಯುತ್ತದೆ. ಇಂಥ ಡಬ್ಬಿಗಳಿಂದಲೇ ಸಂದೇಶಗಳ ಸರದಿಯನ್ನೂ ಕಟ್ಟಬಹುದು. ಹ್ಯಾಸ್ಕೆಲ್ಲಿನ ಥ್ರೆಡ್ಡುಗಳು ಬಹಳ ಹಗುರವಾದವು. ಸಾವಿರಗಟ್ಟಲೆ ಹುಟ್ಟಿಸಿದರೂ ಯಂತ್ರಕ್ಕೆ ಭಾರವೆನಿಸದು, ಏಕೆಂದರೆ ಕಾರ್ಯನಿರ್ವಹಣಾ ವ್ಯವಸ್ಥೆಯ ಕೆಲವೇ ಥ್ರೆಡ್ಡುಗಳ ಮೇಲೆ ಅವೆಲ್ಲವನ್ನೂ ಸರದಿಯಂತೆ ಕೂರಿಸಿ ನಡೆಸಲಾಗುತ್ತದೆ.

ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ತಿಳಿಯುವುದು ದೊಡ್ಡ ತಪ್ಪು. ಮೇಲಿನ ಭಾಷೆ ಎಷ್ಟೇ ಶುದ್ಧವಾಗಿದ್ದರೂ ಪರದೆಯನ್ನು ನಿಜವಾಗಿ ಬಿಡಿಸುವ ಜಿಟಿಕೆ ಬರೆಯಲ್ಪಟ್ಟಿರುವುದು ಸಿ ಭಾಷೆಯಲ್ಲಿ, ಮತ್ತು ಅದರ ಒಳಗಿನ ಗುಂಡಿ, ಪಟ್ಟಿಗಳೆಲ್ಲ ಕ್ಷಣಕ್ಷಣಕ್ಕೂ ಬದಲಾಗುವ ವಸ್ತುಗಳೇ. ಹ್ಯಾಸ್ಕೆಲ್ಲಿನಿಂದ ಜಿಟಿಕೆಯನ್ನು ಬಳಸಲು ನೆರವಾಗುವ ಜಿಟಿಕೆ-ಟು-ಎಚ್‌ಎಸ್ ಎಂಬ ಸೇತುವೆಯಲ್ಲಿ ಪರದೆ ಮುಟ್ಟುವ ಆದೇಶಕ್ಕೂ ಕಡತ ಓದುವ ಆದೇಶಕ್ಕೂ ಐಒ ಎಂಬ ಒಂದೇ ಬಗೆಯ ಮುದ್ರೆ, ಅಂದರೆ ಟೈಪ್, ಇದೆ. ಆದ್ದರಿಂದ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ, ಅಂಕಿ-ಅಕ್ಷರ ಬೆರೆತರೂ ತಕರಾರು ತೆಗೆಯುವ ಹ್ಯಾಸ್ಕೆಲ್ ಕಂಪೈಲರು, ತಪ್ಪು ಥ್ರೆಡ್ಡಿನಿಂದ ಪರದೆಯನ್ನು ಮುಟ್ಟಿದಾಗ ಮಾತ್ರ ತುಟಿ ಬಿಚ್ಚುವುದಿಲ್ಲ. ಪರದೆಯ ಕೆಲಸಗಳಿಗೆ ಬೇರೆಯದೇ ಮುದ್ರೆಯನ್ನು ಕೊಟ್ಟು, ಆ ಮುದ್ರೆಯ ಕೆಲಸ ನಡೆಯುವ ಬಾಗಿಲನ್ನು ಒಂದಕ್ಕೇ ಸೀಮಿತಗೊಳಿಸುವುದು ಪ್ರೋಗ್ರಾಂ ಬರೆಯುವವರ ಕೈಯಲ್ಲಿದೆ. ಇದು ಕೆಲವೇ ಸಾಲುಗಳ ಶ್ರಮ, ಅದರಿಂದ ಸಿಗುವ ನೆಮ್ಮದಿ ದೊಡ್ಡದು.

ಮನವಿ ಇಡುವ ಬಾಗಿಲಾಗಿ ಆ ಸೇತುವೆಯಲ್ಲಿ ಪೋಸ್ಟ್-ಜಿಯುಐ-ಅಸಿಂಕ್, ಪೋಸ್ಟ್-ಜಿಯುಐ-ಸಿಂಕ್ ಎಂಬ ಎರಡು ಫಂಕ್ಷನ್ನುಗಳಿವೆ. ಒಕ್ಯಾಮಲ್ ಎಂಬ ಇನ್ನೊಂದು ಫಂಕ್ಷನಲ್ ಭಾಷೆಗೆ ಜಿಟಿಕೆಯ ಸೇತುವೆಯಾದ ಲ್ಯಾಬ್ಲ್‌ಜಿಟಿಕೆಯಲ್ಲೂ ಇಂಥದೇ ಜೋಡಿಯುಂಟು. ಮೊದಲನೆಯದು ಕೆಲಸವನ್ನು ಪರದೆಯ ಥ್ರೆಡ್ಡಿನ ಸರದಿಗೆ ಹಾಕಿ ತನ್ನ ಪಾಡಿಗೆ ಮುಂದೆ ಸಾಗುತ್ತದೆ, ಎರಡನೆಯದು ಆ ಕೆಲಸ ಮುಗಿದು ಉತ್ತರ ಬರುವವರೆಗೆ ಅಲ್ಲೇ ಕಾಯುತ್ತದೆ. ಹ್ಯಾಸ್ಕೆಲ್ಲಿನ ಸೇತುವೆಯಲ್ಲಿ ಎರಡನೆಯದನ್ನು ಪರದೆಯ ಥ್ರೆಡ್ಡೇ ಕರೆದರೆ ಅದು ತನ್ನ ಉತ್ತರಕ್ಕೆ ತಾನೇ ಕಾಯುತ್ತ ಕೂರುತ್ತದೆ. ಯಾವುದಾದರೂ ಎಂವಾರಿನಲ್ಲಿದ್ದ ಮೌಲ್ಯವನ್ನು ತೆಗೆದಿಟ್ಟುಕೊಂಡು ಕರೆದಾಗ, ಪರದೆಯ ಥ್ರೆಡ್ಡಿಗೂ ಅದೇ ಮೌಲ್ಯ ಬೇಕಾಗಿದ್ದರೆ, ಹಳೆಯ ಡೆಡ್‌ಲಾಕೇ ಹೊಸ ವೇಷದಲ್ಲಿ ಬರುತ್ತದೆ. ಮೊದಲನೆಯದಕ್ಕೂ ಅದರದೇ ಮಿತಿಯಿದೆ: ತೂಕದ ಪೆಟ್ಟಿಗೆ ಸೆಕೆಂಡಿಗೆ ನೂರಾರು ಅಂಕಿಗಳನ್ನು ಕಳಿಸಿ ಪ್ರತಿಯೊಂದೂ ಸರದಿಗೆ ಬಿದ್ದರೆ ಪರದೆಯ ಥ್ರೆಡ್ಡಿಗೆ ಬೇರೆ ಕೆಲಸಕ್ಕೆ ಬಿಡುವೇ ಸಿಗದು. ಕನ್ನಡದ ಅಕ್ಷರಗಳಲ್ಲಂತೂ ಒತ್ತು, ಗುಣಿತಗಳನ್ನು ಕೂಡಿಸಿ ಸರಿಯಾದ ರೂಪ ಆರಿಸುವ ಲೆಕ್ಕವೂ ಅಲ್ಲೇ ನಡೆಯಬೇಕಾಗುವುದರಿಂದ, ಪ್ರತಿ ಸಲ ಬಿಡಿಸುವ ಬರಹದ ಪ್ರಮಾಣವನ್ನು ಹಿಡಿತದಲ್ಲಿಡುವುದು ಒಳ್ಳೆಯದು. ತೂಕದ ವಿಷಯದಲ್ಲಿ ಎಲ್ಲಕ್ಕಿಂತ ಇತ್ತೀಚಿನ ಒಂದೇ ಅಂಕಿಯನ್ನು ಡಬ್ಬಿಯಲ್ಲಿಟ್ಟು, ಸೆಕೆಂಡಿಗೆ ಹತ್ತಿಪ್ಪತ್ತು ಸಲ ಪರದೆಯೇ ಅದನ್ನು ನೋಡಿಕೊಳ್ಳುವಂತೆ ಮಾಡಿದರೆ ಸಾಕು.

ಹಗುರ ಥ್ರೆಡ್ಡುಗಳ ಅನುಕೂಲವೇ ಇನ್ನೊಂದು ತೊಡಕನ್ನು ತಂದಿತು. ಹ್ಯಾಸ್ಕೆಲ್ಲಿನ ಒಂದು ಥ್ರೆಡ್ ಈ ಕ್ಷಣ ಕಾರ್ಯನಿರ್ವಹಣಾ ವ್ಯವಸ್ಥೆಯ ಒಂದು ಥ್ರೆಡ್ಡಿನ ಮೇಲೆ ನಡೆದು, ಮರುಕ್ಷಣ ಇನ್ನೊಂದರ ಮೇಲೆ ನಡೆಯಬಹುದು. ಚಿತ್ರ ಬಿಡಿಸುವ ಓಪನ್‌ಜಿಎಲ್ ಮುಂತಾದ ಲೈಬ್ರರಿಗಳಾದರೋ ತಮ್ಮ ಸ್ಥಿತಿಯನ್ನು ಕರೆದ ಥ್ರೆಡ್ಡಿನ ಜೊತೆಗೇ ಕಟ್ಟಿಟ್ಟುಕೊಳ್ಳುತ್ತವೆ. ಥ್ರೆಡ್ ಬದಲಾದರೆ ಅವುಗಳ ಪಾಲಿಗೆ ಬಂದವರೇ ಬೇರೆ. ಸೈಮನ್ ಮಾರ್ಲೋ, ಪೇಟನ್ ಜೋನ್ಸ್, ವುಲ್ಫ್‌ಗ್ಯಾಂಗ್ ಥಾಲರ್ 2004ರಲ್ಲಿ ಮಂಡಿಸಿದ ಪರಿಹಾರದಂತೆ, ಬೇಕೆಂದಾಗ ಒಂದು ಹ್ಯಾಸ್ಕೆಲ್ ಥ್ರೆಡ್ಡನ್ನು ಕಾರ್ಯನಿರ್ವಹಣಾ ವ್ಯವಸ್ಥೆಯ ಒಂದೇ ಥ್ರೆಡ್ಡಿಗೆ ಗಂಟುಹಾಕಬಹುದು. ಪ್ರೋಗ್ರಾಮಿನ ಮುಖ್ಯ ಥ್ರೆಡ್ ಹೀಗೆ ಗಂಟುಬಿದ್ದೇ ಹುಟ್ಟುವುದರಿಂದ, ಈವೆಂಟ್ ಲೂಪನ್ನು ಅಲ್ಲೇ ನಡೆಸುವುದು ಲೇಸು. ಥ್ರೆಡ್ ಬೆಂಬಲವಿಲ್ಲದೆ ಕಂಪೈಲ್ ಮಾಡಿದ ಹಳೆಯ ಪ್ರೋಗ್ರಾಮುಗಳಲ್ಲಿ ಸಿ ಭಾಷೆಯ ಈವೆಂಟ್ ಲೂಪಿನೊಳಗೆ ಹೊಕ್ಕ ಕೂಡಲೇ ಉಳಿದ ಹ್ಯಾಸ್ಕೆಲ್ ಥ್ರೆಡ್ಡುಗಳೆಲ್ಲ ನಿಂತುಬಿಡುತ್ತಿದ್ದವು. 50 ಮಿಲಿಸೆಕೆಂಡಿಗೊಮ್ಮೆ ಗಡಿಯಾರದಿಂದ ಎಬ್ಬಿಸಿ ಅವಕ್ಕೆ ಸರದಿ ಕೊಡುವ ಹಂಗಾಮಿ ಉಪಾಯದಿಂದ ಆಗ ಕಾಲ ತಳ್ಳಬೇಕಾಗಿತ್ತು.

ಇವೆಲ್ಲಕ್ಕಿಂತ ಸೂಕ್ಷ್ಮವಾದ, ಅನುಭವಿಗಳೂ ಎಡವುವ ಜಾಗ ಒಂದಿದೆ. ಹ್ಯಾಸ್ಕೆಲ್ ಯಾವ ಲೆಕ್ಕವನ್ನೂ ಅದರ ಫಲ ಬೇಕಾಗುವವರೆಗೆ ಮಾಡುವುದಿಲ್ಲ. ಅಲ್ಲಿಯವರೆಗೆ ‘ಇದನ್ನು ಲೆಕ್ಕಿಸಬೇಕು’ ಎಂಬ ಒಂದು ಚೀಟಿಯನ್ನಷ್ಟೇ ಇಟ್ಟುಕೊಂಡಿರುತ್ತದೆ. ಬನಹಟ್ಟಿಯ ನಕ್ಷೆಗಾರರೊಬ್ಬರಿಗಾಗಿ ಬರೆದ ಪ್ರೋಗ್ರಾಮನ್ನು ಊಹಿಸಿಕೊಳ್ಳಬಹುದು: ಚೌಕುಳಿ ಹಾಳೆಯಂಥ ಪರದೆಯ ಮೇಲೆ ಗೋಮಿ ಎಂಬ ಸೀರೆಯಂಚಿನ ನಕ್ಷೆಯನ್ನು ಬಿಡಿಸಿ ಗುಂಡಿ ಒತ್ತಿದರೆ, ಮಗ್ಗದಲ್ಲಿ ನಕ್ಷೆ ಮೂಡಿಸುವ ಜಕಾರ್ಡ್ ಸಾಧನದ ಒಂದೊಂದು ಹುಕ್ಕು ಯಾವ ಹೊಡೆತಕ್ಕೆ ಏಳಬೇಕು, ಹಾಸು ಹೊಕ್ಕುಗಳು ಸೇರಿದಾಗ ಬಟ್ಟೆ ಹೇಗೆ ಕಾಣುತ್ತದೆ ಎಂಬುದನ್ನು ಅದು ಲೆಕ್ಕಹಾಕಿ ತೋರಿಸಬೇಕು. ಹುಕ್ಕುಗಳು ನೂರಾರು, ಹೊಡೆತಗಳು ಸಾವಿರಾರು ಆದಾಗ ಇದು ದೊಡ್ಡ ಲೆಕ್ಕ. ಬರೆದವರು ಜಾಗರೂಕರಾಗಿ ಲೆಕ್ಕವನ್ನು ಪರದೆಯ ಹಿನ್ನೆಲೆಯಲ್ಲಿ ದುಡಿಯುವ ಹಿಂದಿನ ಥ್ರೆಡ್ಡಿಗೆ ಒಪ್ಪಿಸಿ, ಫಲವನ್ನು ಎಂವಾರಿನಲ್ಲಿಟ್ಟು, ನಿಯಮದಂತೆಯೇ ಪರದೆಯ ಥ್ರೆಡ್ಡಿಗೆ ಕಳಿಸುತ್ತಾರೆ. ಆದರೂ ಪರದೆ ಮರಗಟ್ಟುತ್ತದೆ. ಹಿಂದಿನ ಥ್ರೆಡ್ ನಿಜವಾಗಿ ಡಬ್ಬಿಯಲ್ಲಿ ಇಟ್ಟದ್ದು ಲೆಕ್ಕದ ಫಲವನ್ನಲ್ಲ, ಲೆಕ್ಕಿಸಬೇಕೆಂಬ ಚೀಟಿಯನ್ನು. ಬಣ್ಣ ಬಿಡಿಸಲು ಹೊರಟ ಪರದೆಯ ಥ್ರೆಡ್ಡಿಗೆ ಮೊದಲ ಬಾರಿ ಆ ಫಲ ಬೇಕಾದಾಗ ಇಡೀ ಹೊರೆ ಅದರ ಹೆಗಲಿಗೇ ಬಿತ್ತು. ಥ್ರೆಡ್ಡುಗಳು ಸರಿಯಾಗಿದ್ದವು, ಬಾಗಿಲುಗಳು ಸರಿಯಾಗಿದ್ದವು, ಕೆಲಸ ಮಾತ್ರ ಜಾಗ ಬದಲಿಸಿತ್ತು. ಇವ್ಯಾಲ್ಯುಯೇಟ್ ಎಂಬ ಫಂಕ್ಷನ್ ಮೌಲ್ಯದ ಹೊರಪದರವನ್ನು ಆಗಿಂದಾಗಲೇ ಲೆಕ್ಕಿಸುತ್ತದೆ; ಡೀಪ್‌ಸೆಕ್ ಲೈಬ್ರರಿಯ ಫೋರ್ಸ್ ಫಂಕ್ಷನ್ನನ್ನು ಅದರೊಡನೆ ಕೂಡಿಸಿದರೆ ಒಳಗಿನ ಕೊನೆಯ ಚೌಕದವರೆಗೂ ಲೆಕ್ಕ ಮುಗಿಯುತ್ತದೆ. ಹಿಂದಿನ ಥ್ರೆಡ್ ಡಬ್ಬಿಗೆ ಹಾಕುವ ಮುನ್ನ ಈ ಎರಡನ್ನೂ ಬಳಸಲೇಬೇಕು. ಫಂಕ್ಷನಲ್ ಭಾಷೆಯಲ್ಲಿ ಸುರಕ್ಷತೆಯೆಂದರೆ ಯಾರು ಮುಟ್ಟುತ್ತಾರೆ ಎಂಬುದಷ್ಟೇ ಅಲ್ಲ, ಯಾರು ದುಡಿಯುತ್ತಾರೆ ಎಂಬುದನ್ನೂ ಗೊತ್ತುಪಡಿಸುವುದು ಎಂಬ ಮಾತು ಈ ಉದಾಹರಣೆಯಿಂದ ಖಚಿತವಾಗುತ್ತದೆ.

ತಪ್ಪು ಥ್ರೆಡ್ಡಿನಿಂದ ಪರದೆಯನ್ನು ಮುಟ್ಟುವ ಇನ್ನೊಂದು ದಾರಿಯೂ ಇದೆ. ಬಳಕೆ ಮುಗಿದ ಸ್ಮೃತಿಯನ್ನು ಹ್ಯಾಸ್ಕೆಲ್ ತಾನಾಗಿ ಗುಡಿಸಿ ತೆಗೆಯುತ್ತದೆ. ಆ ಕೆಲಸ ಮಾಡುವ ಭಾಗಕ್ಕೆ ಗಾರ್ಬೇಜ್ ಕಲೆಕ್ಟರ್ ಎಂದು ಹೆಸರು. ಯಾರಿಗೂ ಬೇಡವಾದ ಒಂದು ಚಿತ್ರವನ್ನು ಅದು ಬಿಡುಗಡೆ ಮಾಡಲು ಹೊರಟಾಗ ಜಿಟಿಕೆಯ ಒಳಗಿನ ವಸ್ತುವನ್ನೂ ಬಿಡಿಸಬೇಕಾಗುತ್ತದೆ, ಅದೂ ಯಾವುದೋ ಥ್ರೆಡ್ಡಿನಿಂದ, ಯಾವುದೋ ಕ್ಷಣದಲ್ಲಿ. ಪ್ರೋಗ್ರಾಂ ಬರೆದವರ ತಪ್ಪೇ ಇಲ್ಲದೆ ಅದು ಮುರಿದು ಬೀಳುವ ದಾರಿ ಇದು. ಜಿಟಿಕೆ-ಟು-ಎಚ್‌ಎಸ್‌ನ ಕರ್ತೃಗಳು ಇಂಥ ಬಿಡುಗಡೆಗಳನ್ನೆಲ್ಲ ಈವೆಂಟ್ ಲೂಪಿನ ಸರದಿಗೇ ಹಾಕಿ ಪರಿಹರಿಸಿದರು.

ಸಿ ಲೈಬ್ರರಿಯ ಕಾವಲಿಗೆ ನಿಲ್ಲುವ ಬದಲು ಪರದೆಯ ಕೆಲಸವನ್ನೇ ಫಂಕ್ಷನ್ನಾಗಿ ಕಾಣುವ ಇನ್ನೊಂದು ದಾರಿಯೂ ಬೆಳೆದುಬಂದಿದೆ. ಸ್ವೀಡನ್ನಿನ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಥಾಮಸ್ ಹಾಲ್‌ಗ್ರೆನ್ 1993ರಲ್ಲಿ ಮಂಡಿಸಿದ ಫಡ್ಜೆಟ್ಸ್, 1997ರಲ್ಲಿ ಕೊನಾಲ್ ಎಲಿಯಟ್ ಮತ್ತು ಪಾಲ್ ಹ್ಯೂಡಕ್ ಮಂಡಿಸಿದ ಫ್ರಾನ್, 2012ರಲ್ಲಿ ಇವಾನ್ ಚಾಪ್ಲಿಕ್ಕಿ ರಚಿಸಿದ ಎಲ್ಮ್ ಭಾಷೆ ಈ ದಾರಿಯ ಮೈಲಿಗಲ್ಲುಗಳು. ಎಲ್ಮ್ ನೆಲೆಗೊಳಿಸಿದ ಕ್ರಮದಲ್ಲಿ ಪ್ರೋಗ್ರಾಮಿನ ಸಮಸ್ತ ಸ್ಥಿತಿಯೂ ಒಂದೇ ಮೌಲ್ಯ. ಹಳೆಯ ಸ್ಥಿತಿ ಮತ್ತು ಬಂದ ಸುದ್ದಿಯಿಂದ ಹೊಸ ಸ್ಥಿತಿಯನ್ನು ಒಂದು ಫಂಕ್ಷನ್ ಕೊಡುತ್ತದೆ, ಆ ಸ್ಥಿತಿಯಿಂದ ಪರದೆಯ ವಿವರಣೆಯನ್ನು ಇನ್ನೊಂದು ಕೊಡುತ್ತದೆ, ವಿವರಣೆಯನ್ನು ಓದಿ ನಿಜವಾದ ಗುಂಡಿಗಳನ್ನು ಮುಟ್ಟುವುದು ಭಾಷೆಯದೇ ಹೊಣೆ. ಬರೆಯುವವರಿಗೆ ಪರದೆಯನ್ನು ನೇರವಾಗಿ ಮುಟ್ಟುವ ಅವಕಾಶವೇ ಇಲ್ಲದಿರುವಾಗ ತಪ್ಪು ಥ್ರೆಡ್ಡಿನಿಂದ ಮುಟ್ಟುವ ಮಾತೂ ಇಲ್ಲ. ಕರ್ನಾಟಕದಲ್ಲಿ ಈ ಬಗೆಯ ಬರವಣಿಗೆ ಪುಸ್ತಕದ ಮಾತಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ 2022ರಲ್ಲಿ ಆರಂಭವಾದ ನಮ್ಮ ಯಾತ್ರಿ ಆಟೋ ಆ್ಯಪಿನ ಹಿಂದಿನ ಸರ್ವರುಗಳ ಭಾಗವನ್ನು ಜಸ್‌ಪೇ ಕಂಪನಿಯ ಎಂಜಿನಿಯರುಗಳು ಹ್ಯಾಸ್ಕೆಲ್ಲಿನಲ್ಲೂ, ಪರದೆಯ ಭಾಗವನ್ನು ಅದರ ಸೋದರ ಭಾಷೆಯಾದ ಪ್ಯೂರ್‌ಸ್ಕ್ರಿಪ್ಟಿನಲ್ಲೂ ಬರೆದರು, ಮತ್ತು ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದುವಂತೆ ತೆರೆದಿಟ್ಟರು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದಲು ಹೋಗುವ ಮುಧೋಳ, ರಬಕವಿ-ಬನಹಟ್ಟಿ, ಜಮಖಂಡಿ, ಬೀಳಗಿ ತಾಲೂಕುಗಳ ವಿದ್ಯಾರ್ಥಿಗಳಿಗೆ ದಿನಬಳಕೆಯ ಆ್ಯಪೊಂದರ ಒಳಗನ್ನು ಕಾಣಲು ಇಷ್ಟು ಒಳ್ಳೆಯ ಪಾಠ ಸುಲಭಕ್ಕೆ ಸಿಗದು. ಅದನ್ನು ಅವರು ಓದಲೇಬೇಕು.

ಎಂವಾರುಗಳು ಹೆಚ್ಚಾದಾಗ ಬರುವ ಗೊಂದಲಕ್ಕೆ ಹ್ಯಾಸ್ಕೆಲ್ಲಿನಲ್ಲೇ ಒಂದು ಸೊಗಸಾದ ಉತ್ತರವಿದೆ. ಟಿಮ್ ಹ್ಯಾರಿಸ್, ಮಾರ್ಲೋ, ಪೇಟನ್ ಜೋನ್ಸ್ ಮತ್ತು ಮಾರಿಸ್ ಹರ್ಲಿಹಿ 2005ರಲ್ಲಿ ಮಂಡಿಸಿದ ಎಸ್‌ಟಿಎಂ ಪದ್ಧತಿಯಲ್ಲಿ ಹಲವು ಬದಲಾವಣೆಗಳನ್ನು ಒಂದು ವ್ಯವಹಾರವಾಗಿ ಕಟ್ಟಬಹುದು. ನಡುವೆ ಇನ್ನೊಂದು ಥ್ರೆಡ್ ಕೈಹಾಕಿದ್ದು ಕಂಡರೆ ಇಡೀ ವ್ಯವಹಾರ ರದ್ದಾಗಿ ಮೊದಲಿನಿಂದ ನಡೆಯುತ್ತದೆ. ಹೀಗೆ ಮರಳಿ ನಡೆಯಬಹುದಾದ ಕೆಲಸದೊಳಗೆ ಪರದೆ ಬಿಡಿಸುವ ಆದೇಶವನ್ನಾಗಲಿ ಚೀಟಿ ಮುದ್ರಿಸುವ ಆದೇಶವನ್ನಾಗಲಿ ಬರೆಯಲು ಕಂಪೈಲರ್ ಬಿಡುವುದೇ ಇಲ್ಲ. ಒಂದೇ ತೂಕಕ್ಕೆ ಎರಡು ಚೀಟಿ ಹೊರಡುವ ಸಾಧ್ಯತೆಯನ್ನು ಬರವಣಿಗೆಯ ಹಂತದಲ್ಲೇ ತಡೆದಂತಾಯಿತು.

ಉಳಿದದ್ದು ಪ್ರೋಗ್ರಾಮನ್ನು ಮುಚ್ಚುವ ಕ್ರಮ. ಅವಸರದಲ್ಲಿ ಬರೆಯುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಪಾಳಿ ಮುಗಿದು ಗುಮಾಸ್ತರು ಕಿಟಕಿ ಮುಚ್ಚಿದ ಕ್ಷಣದಲ್ಲೂ ಹಿಂದಿನ ಥ್ರೆಡ್ ಕೇಬಲ್ಲಿನಿಂದ ಬರುವ ಅಂಕಿಗಾಗಿ ಕಾಯುತ್ತಲೇ ಇರುತ್ತದೆ, ಬಂದ ಅಂಕಿಯನ್ನು ಆಗಲೇ ಇಲ್ಲವಾದ ಪರದೆಗೆ ಕಳಿಸಲು ನೋಡುತ್ತದೆ. ಹ್ಯಾಸ್ಕೆಲ್ಲಿನಲ್ಲಿ ಒಂದು ಥ್ರೆಡ್ ಇನ್ನೊಂದನ್ನು ಹೊರಗಿನಿಂದ ನಿಲ್ಲಿಸಬಹುದಾದರೂ, ಅದು ಸಿ ಭಾಷೆಯ ಕರೆಯೊಂದರೊಳಗೆ ಸಿಕ್ಕಿಕೊಂಡಿದ್ದರೆ ನಿಲ್ಲಿಸುವ ಸೂಚನೆ ಸಾಮಾನ್ಯವಾಗಿ ಆ ಕರೆ ಮುಗಿದ ಮೇಲೆಯೇ ತಲುಪುತ್ತದೆ. ಆದಕಾರಣ ಕೇಬಲ್ಲಿನ ಓದಿಗೆ ಅರ್ಧ ಸೆಕೆಂಡಿನಂಥ ಕಾಲಮಿತಿಯನ್ನು ಹಾಕಿ, ಪ್ರತಿ ಮಿತಿ ಮುಗಿದಾಗಲೂ ನಿಲ್ಲಬೇಕೇ ಎಂದು ಆ ಥ್ರೆಡ್ ನೋಡಿಕೊಳ್ಳುವಂತೆ ಬರೆಯಬೇಕು. ಮುಚ್ಚುವಾಗ ಮೊದಲು ಓದುವ ಥ್ರೆಡ್ ನಿಲ್ಲಬೇಕು, ಆಮೇಲೆ ಸರದಿಯಲ್ಲಿ ಉಳಿದ ದಾಖಲೆಗಳು ಕಡತಕ್ಕೆ ಸೇರಬೇಕು, ಪರದೆ ಮುಚ್ಚುವುದು ಅದಾದ ಬಳಿಕ.